ಕೂಗದ ಕುಕ್ಕರ್

ನನ್ನ ಮಗಳು ನೀರಿನ ಟಾಕಿಯ ಅಂಚಿನ ಮೇಲೆ ನಿಂತಿದ್ದನ್ನು ನೋಡಿ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಅಲ್ಲಿಂದಲೇ ಶುರು ಮಾಡಬೇಕು, ಯಾಕೆಂದರೆ ಉಳಿದದ್ದನ್ನೆಲ್ಲ ಹೇಗೋ ಸಮಜಾಯಿಷಿ ಕೊಟ್ಟು ಸಾಗಹಾಕಬಹುದು, ಇದನ್ನು ಹಾಗೆ ಸಾಗಹಾಕಲು ಸಾಧ್ಯವಿಲ್ಲ.

ಭಾನುವಾರ ಬೆಳಗಿನ ಹತ್ತು ಗಂಟೆ. ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದೆ. ಹನ್ನೊಂದು ವರ್ಷದ ಸಿಂಚನಾ ಕಬ್ಬಿಣದ ಏಣಿ ಹತ್ತಿ, ಟಾಕಿಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಕೇಬಲ್ ತಂತಿಗೆ ಸಿಕ್ಕಿದ್ದ ಗಾಳಿಪಟಕ್ಕೆ ಕೈ ಚಾಚಿದ್ದಳು. ಕೆಳಗೆ ಮೂರು ಮಹಡಿ, ಆಮೇಲೆ ಸಿಮೆಂಟಿನ ಅಂಗಳ. ನಾನು ನೋಡಿದೆ. ಅವಳ ಫ್ರಾಕಿನ ಹೊಲಿಗೆ ಬಿಚ್ಚಿದೆಯಲ್ಲ ಅಂದುಕೊಂಡೆ. ಇನ್ನೊಂದು ಕ್ಲಿಪ್ ತೆಗೆದು ಟವೆಲಿಗೆ ಸಿಕ್ಕಿಸಿದೆ.

ಹಪ್ಪಳ ಒಣಗಿಸಲು ಬಂದ ಅತ್ತೆ ಚೀರಿದ್ದು ಆಗ. ಎಪ್ಪತ್ತರ ಮುದುಕಿ ಅದು ಹೇಗೆ ಓಡಿದರೋ, ಏಣಿ ಹತ್ತಿ ಹುಡುಗಿಯ ಸೊಂಟ ಹಿಡಿದು ಕೆಳಗೆ ಎಳೆದುಕೊಂಡರು. ಇಬ್ಬರೂ ಹಪ್ಪಳದ ಮೇಲೆ ಬಿದ್ದರು.

"ನೀ ಇಲ್ಲೇ ಇದ್ದೆಲ್ಲಾ ಸುನಂದಾ! ನೋಡ್ಲಿಲ್ಲೇನು?"

"ನೋಡಿದೆ ಅತ್ತೀ."

"ನೋಡಿ ಸುಮ್ಮನ ನಿಂತಿದ್ದೇನು?"

ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡೆ. ಹೃದಯ ಅಚ್ಚುಕಟ್ಟಾಗಿ ಬಡಿಯುತ್ತಿತ್ತು. ಅದರ ಮೇಲೆ, ಭಾನುವಾರವೂ ತೆಗೆಯದೆ ಉಳಿದಿದ್ದ ಬಿಲ್ಲೆ ತಣ್ಣಗಿತ್ತು.

ಬಿಲ್ಲೆಯ ವಿಷಯ ಹೇಳುತ್ತೇನೆ. ಹುಬ್ಬಳ್ಳಿಯ ಹೊಂಬಟ್ಟಲು ಕುಕ್ಕರ್ ಕಂಪನಿಯಲ್ಲಿ ಹೊಸ ಯೋಜನೆಗಳ ವಿಭಾಗಕ್ಕೆ ನಾನು ಮುಖ್ಯಸ್ಥೆ. ಹೊಸದನ್ನು ಕಂಡುಹಿಡಿಯುವುದು ನನ್ನ ಕೆಲಸ ಅಂತ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಕಂಡುಹಿಡಿಯುವವರು ಒಬ್ಬರನ್ನೊಬ್ಬರು ಕಚ್ಚಿ ತಿನ್ನದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಹತ್ತು ಯೋಜನೆ ಶುರುವಾದರೆ ಎಂಟು ಮಣ್ಣುಪಾಲಾಗುತ್ತಿದ್ದವು. ಯಾವುದು ಮಣ್ಣುಪಾಲಾಗುತ್ತದೆ ಅಂತ ಮೊದಲೇ ಗೊತ್ತಾದರೆ? ನಮ್ಮ ಎಂ.ಡಿ. ಅಶೋಕ ಮೆಣಸಿನಕಾಯಿ ಸಾಹೇಬರು ಆ ಆಸೆಯಿಂದಲೇ ಬಿಲ್ಲೆ ತರಿಸಿದರು.

ಎಂಟಾಣೆಯಷ್ಟು ಅಗಲ, ಕುತ್ತಿಗೆಯ ದಾರದಲ್ಲಿ ಎದೆಗೆ ತಾಗುವಂತೆ ಇರುತ್ತದೆ. ಅರ್ಧಂಬರ್ಧ ನಂಬಿದ ಮಾತನ್ನು ಆಡುವ ಮೊದಲು ಮನುಷ್ಯನ ಉಸಿರು ಚಿಟಿಕೆಯಷ್ಟು ಹೊತ್ತು ನಿಲ್ಲುತ್ತದಂತೆ, ಗಂಟಲು ಬಿಗಿಯುತ್ತದಂತೆ, ಎದೆಬಡಿತ ಒಂದು ಹೆಜ್ಜೆ ತಪ್ಪುತ್ತದಂತೆ. ಬಿಲ್ಲೆ ಅದನ್ನು ಹಿಡಿಯುತ್ತದೆ. ತಂಡದ ಎಲ್ಲರ ಮಾತನ್ನೂ ಅಳೆದು ಸಂಜೆ ಐದಕ್ಕೆ ಗೋಡೆಯ ಪರದೆಯ ಮೇಲೆ ಒಂದು ಸಂಖ್ಯೆ ಹಾಕುತ್ತದೆ. ಅದಕ್ಕೆ ಧೈರ್ಯಾಂಕ ಅಂತ ಹೆಸರು. ಅನುಮಾನ ಅಂಟುರೋಗ ಅನ್ನುವುದು ಅದನ್ನು ಮಾಡಿದವರ ನಂಬಿಕೆ, ಆದ್ದರಿಂದ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಜಿದವರ ದನಿಗೇ ಹೆಚ್ಚು ತೂಕ. ಅಂಕ ಅರವತ್ತಕ್ಕಿಂತ ಇಳಿದ ದಿನ ಆ ಯೋಜನೆಯ ಒಂದು ಸ್ಕ್ರೂ ಕೂಡ ಗೇಟು ದಾಟುವಂತಿಲ್ಲ. ಸತತವಾಗಿ ಇಪ್ಪತ್ತೊಂದು ಕೆಲಸದ ದಿನ ಅರವತ್ತಕ್ಕಿಂತ ಕೆಳಗೇ ಉಳಿದರೆ ಯೋಜನೆ ತನ್ನಿಂದ ತಾನೇ ಮುಚ್ಚುತ್ತದೆ, ತಂಡ ಚದುರಿಹೋಗುತ್ತದೆ. ಅದನ್ನು ತಡೆಯುವ ಅಧಿಕಾರ ಎಂ.ಡಿ.ಗೂ ಇರಲಿಲ್ಲ. ಹಾಗೆ ನಿಯಮ ಬರೆಸಿದ್ದು ಅವರೇ, ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದ ಕಾಲದಲ್ಲಿ.

ಇನ್ನೊಂದು ಸಣ್ಣ ಸೌಲಭ್ಯವಿತ್ತು. ಅನುಮಾನ ಹುಟ್ಟಿದೊಡನೆ ಬಿಲ್ಲೆ ಎದೆಯ ಮೇಲೆ ಮೆಲ್ಲಗೆ ನಡುಗುತ್ತಿತ್ತು. ನಾವು ಸಾವರಿಸಿಕೊಳ್ಳಲಿ ಅಂತ. ನಾವೂ ಸಾವರಿಸಿಕೊಂಡೆವು. ಮೊದಮೊದಲು ದನಿಯನ್ನು, ಆಮೇಲೆ ಉಸಿರನ್ನು. ಮನೆಯಲ್ಲೂ ಹಾಕಿಕೊಂಡರೆ ಬೇಗ ಪಳಗುತ್ತದೆ ಅಂದರು, ಹಾಕಿಕೊಂಡೆವು. ಎಂಟು ತಿಂಗಳಾಗುವಷ್ಟರಲ್ಲಿ ಅದು ನಡುಗುವುದನ್ನೇ ಬಿಟ್ಟಿತ್ತು. ಎಷ್ಟು ಚೆನ್ನಾಗಿ ಪಳಗಿದ್ದೇವೆ ಅಂತ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

ಒಬ್ಬರು ಮಾತ್ರ ಪಳಗಲಿಲ್ಲ. ದಸ್ತಗೀರ್ ನದಾಫ್, ಮೂವತ್ನಾಲ್ಕು ವರ್ಷ ವಾಲ್ವು ಪರೀಕ್ಷೆ ಮಾಡಿದ ಕೈ. ಕಾರ್ಖಾನೆಯಲ್ಲಿ ಎಲ್ಲರಿಗೂ ಚಾಚಾ.

ನಮ್ಮ ಯೋಜನೆ ಕೂಗದ ಕುಕ್ಕರಿನದು. ವಿಷಲ್ ಇಲ್ಲ, ಉಗಿ ಹೊರಗೆ ಬರುವುದಿಲ್ಲ. ಮುಚ್ಚಳದೊಳಗೆ ಕೂದಲೆಳೆಯಷ್ಟು ಸಣ್ಣ ನಾಳಗಳಿವೆ. ಉಗಿ ಅದರಲ್ಲಿ ಸುತ್ತಿ, ತಣಿದು, ನೀರಾಗಿ ಮತ್ತೆ ಒಳಗೇ ತೊಟ್ಟಿಕ್ಕುತ್ತದೆ. ಒತ್ತಡ ಮೀರಿದರೆ ಬಿಸಿಗೆ ಬಾಗುವ ಒಂದು ಲೋಹದ ಪಟ್ಟಿ ಆ ನಾಳದ ತುದಿಯಲ್ಲಿ ತೆರೆದುಕೊಳ್ಳುತ್ತದೆ. ಅರ್ಧದಷ್ಟು ಗ್ಯಾಸಿನಲ್ಲಿ ಅಡುಗೆ.

"ನಾಳ ಕಟ್ಟಿದ್ರ ಪಟ್ಟಿಗೆ ಉಗಿನ ಮುಟ್ಟಂಗಿಲ್ಲ ಮೇಡಂ," ಅಂದಿದ್ದರು ಚಾಚಾ, ಮೊದಲ ತಿಂಗಳಲ್ಲೇ. "ನಾವಿಲ್ಲಿ ಶೋಧಿಸಿದ ನೀರಾಗ ಪರೀಕ್ಷಾ ಮಾಡ್ತೀವಿ. ಮನ್ಯಾಗ ಯಾರು ಶೋಧಿಸ್ತಾರ? ಸವಳು ನೀರಿನ ಸುಣ್ಣ ಎಲ್ಲಿಗೆ ಹೋಗ್ತೈತಿ?"

"ಸವಳು ನೀರಾಗ ಬ್ಯಾಳಿ ಬೇಯೂದಿಲ್ಲ ಚಾಚಾ. ಅಡುಗಿಗೆ ಎಲ್ಲಾರೂ ನಳದ ಸಿಹಿನೀರೇ ಹಾಕ್ತಾರ."

"ಗೊತ್ತೈತ್ರಿ. ಆದ್ರೂ ನನಗ ಅಂಜಿಕಿ ಬರ್ತೈತಿ."

ಆ ಒಂದು ಮಾತಿಗೆ ಆವತ್ತು ಅಂಕ ಎಂಬತ್ತರಿಂದ ಐವತ್ತೈದಕ್ಕೆ ಬಿತ್ತು. ಮರುದಿನವೂ ಬಿತ್ತು. ಹದಿನೆಂಟು ದಿನ ಹಾಗೇ ನಡೆದಾಗ ನಾನು ಮುಖ್ಯಸ್ಥೆಯಾದವಳು ಮಾಡುವ ಕೆಲಸ ಮಾಡಿದೆ. ಚಾಚಾ ಅವರನ್ನು ತಂಡದಿಂದ ತೆಗೆದು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದೆ. ಅವರಿಗೆ ವಯಸ್ಸಾಯಿತು, ಅಲ್ಲಿ ಆರಾಮ ಅಂತ ನನಗೆ ನಾನೇ ಹೇಳಿಕೊಂಡೆ. ಬಿಲ್ಲೆ ನಡುಗಲಿಲ್ಲ. ಮಾರನೆಯ ಸಂಜೆ ಅಂಕ ತೊಂಬತ್ತೊಂದು.

ನಮ್ಮ ಕಾರ್ಖಾನೆಯಲ್ಲಿ ಹಳೆಯದೊಂದು ಪದ್ಧತಿ ಇದೆ. ಸ್ಥಾಪಕರಾದ ದೊಡ್ಡ ಸಾಹೇಬರು ಮಾಡಿದ್ದು, ಅವರ ಮೊದಲ ಕುಕ್ಕರ್ ಅವರದೇ ಅಡುಗೆಮನೆಯಲ್ಲಿ ಸಿಡಿದ ಮೇಲೆ. ಹೊಸ ಕುಕ್ಕರ್ ಮೊದಲು ಅದನ್ನು ಮಾಡಿದವರ ಮನೆಗಳಿಗೇ ಹೋಗಬೇಕು. ಮೂವತ್ತು ದಿನ ಅದರಲ್ಲೇ ಅಡುಗೆ. ಮೂವತ್ತೊಂದನೆಯ ದಿನ ಎಲ್ಲರೂ ಅದರಲ್ಲಿ ಬೇಯಿಸಿದ್ದನ್ನು ತಂದು ಪರೀಕ್ಷಾ ಕೋಣೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತು ಉಣ್ಣಬೇಕು. ಅಡುಗೆ ಮಾಡಿದ ಕೈಯೂ ಬರಬೇಕು. ಒಂದು ಕೊರತೆ ಹೇಳದೆ ಯಾರೂ ತುತ್ತು ಬಾಯಿಗಿಡುವಂತಿಲ್ಲ. ಇದಕ್ಕೆ ಕೊರತೆಯೂಟ ಅಂತಲೇ ಹೆಸರು. ಹಿಂದೆ ಕೊರತೆಯೂಟ ಅಂದರೆ ಜಗಳ, ಅಳು, ಎರಡು ಸಲ ಕೈ ಕೈ ಮಿಲಾಯಿಸಿದ್ದೂ ಉಂಟು. ಬಿಲ್ಲೆ ಬಂದ ಮೇಲೆ ಊಟ ಮಾತ್ರ ಉಳಿಯಿತು. ಹಿಡಿಕೆಯ ಬಣ್ಣ ಮಾಸಲು, ಸ್ಟಿಕರ್ ಸೊಟ್ಟ ಅಂತ ಎಲ್ಲರೂ ಮನೆಯಿಂದಲೇ ಒಂದು ಪುಟ್ಟ ಕೊರತೆ ತಯಾರು ಮಾಡಿಕೊಂಡು ಬರತೊಡಗಿದರು.

ಹೀಗೆ ಕೂಗದ ಕುಕ್ಕರ್ ನಮ್ಮ ಮನೆಗೆ ಬಂತು. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಕೂಗಂಗಿಲ್ಲಂದ್ರ ಒಳಗ ಏನು ನಡದೈತಿ ಅಂತ ನಮಗ ಹ್ಯಾಂಗ ಗೊತ್ತಾಗಬೇಕು?"

"ಗೊತ್ತಾಗೂದು ಬ್ಯಾಡ ಅತ್ತೀ, ತಾನೇ ನೋಡ್ಕೊಂತೈತಿ."

"ನಿನ್ನಂಗ ಆತು ಹಂಗಾರ," ಅಂದರು ಅತ್ತೆ. ಟಾಕಿಯ ಘಟನೆಯಾಗಿ ಆಗ ನಾಲ್ಕು ದಿನವಾಗಿತ್ತು.

ಮೂವತ್ತು ದಿನ, ದಿನಕ್ಕೆರಡು ಸಲ. ಅನ್ನ, ಬೇಳೆ, ಮಡಿಕೆಕಾಳು. ಒಂದು ತೊಂದರೆಯೂ ಆಗಲಿಲ್ಲ. ಅಂಕ ತೊಂಬತ್ನಾಲ್ಕಕ್ಕೆ ಏರಿತು. ಮೊದಲ ಆರುನೂರು ಕುಕ್ಕರುಗಳು ಪ್ಯಾಕಿಂಗ್‌ಗೆ ಹೋದವು. ಕೊರತೆಯೂಟದ ಮರುದಿನ ಸಂಜೆ, ಅಂಕ ನೋಡಿಕೊಂಡು, ಲಾರಿ.

ಊಟಕ್ಕೆ ಅತ್ತೆ ಗೋಧಿ ಹುಗ್ಗಿ ಮಾಡಿಕೊಂಡು ನನ್ನ ಜತೆ ಬಂದರು. ಮಧ್ಯಾಹ್ನ ಒಂದು ಗಂಟೆ. ತಂಡದವರು ಐದು ಜನ, ಮನೆಯವರು ನಾಲ್ಕು, ಮೆಣಸಿನಕಾಯಿ ಸಾಹೇಬರು. ಲೋಹದ ಕೆಲಸ ನೋಡುವ ಚೈತ್ರಾ ಹಂಚಿನಮನಿ ಒಬ್ಬಳೇ ಬಂದಿದ್ದಳು. ಮನೆಗೆ ಬೀಗರು ಬಂದಿದ್ದಾರೆ, ಅವ್ವ ಅಡುಗೆಯಲ್ಲಿದ್ದಾಳೆ ಅಂದಳು. ಕೊರತೆಗಳು ಸರಸರನೆ ಮುಗಿದವು. ಮುಚ್ಚಳ ಭಾರ. ಹೆಸರು ಚೆನ್ನಾಗಿಲ್ಲ. ಅತ್ತೆಯ ಸರದಿ ಬಂತು.

"ಎಲ್ಲಾ ಛಲೋ ಐತ್ರಿ. ಒಂದ ಕೊರತಿ. ಕುಕ್ಕರ್ ಜೋಡಿ ಕೊಟ್ಟ ಚೀಟ್ಯಾಗ ತಳದ ನೀರಿಗೆ ಹುಣಸಿಹಣ್ಣು ಹಾಕ್ರಿ ಅಂತ ಬರದೇ ಇಲ್ಲ. ಎಲ್ಲಾರಿಗೂ ಗೊತ್ತಿರಂಗಿಲ್ಲ."

"ತಳದ ನೀರಿಗೆ ಹುಣಸಿಹಣ್ಣು ಯಾಕ್ರಿ ಅಮ್ಮಾ?" ಅಂದರು ಸಾಹೇಬರು, ನಗುತ್ತ.

"ಡಬ್ಬಿ ಇಡೂ ಮುಂದ ತಳಕ್ಕ ನೀರು ಹಾಕ್ತೀವಲ್ಲಾ, ಅದು ಬೋರಿನ ಸವಳು ನೀರು. ಸಿಹಿನೀರು ಎಂಟು ದಿನಕ್ಕೊಮ್ಮಿ ಬರ್ತಾವು, ಅದನ್ನ ತಳಕ್ಕ ಯಾರು ಸುರೀತಾರ? ಸವಳು ಸಿಡದು ಬೆಳ್ಳಗ ಸುಣ್ಣ ಹಿಡೀತೈತಿ. ಹಿಂಡಿದ ಹುಣಸಿಹಣ್ಣು ಒಂದಿಷ್ಟು ಒಗದ್ರ ಹಿಡಿಯಂಗಿಲ್ಲ. ನಮ್ಮವ್ವ ಹಾಕ್ತಿದ್ಲು, ನಾನೂ ಹಾಕ್ತೀನಿ."

ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಬೇಳೆಗೆ ಸಿಹಿನೀರು ಅಂತ ಚಾಚಾಗೆ ಪಾಠ ಹೇಳಿದವಳು ನಾನು. ಆದರೆ ಈ ಊರಿನಲ್ಲಿ ಬೇಳೆಯ ಡಬ್ಬಿಯೊಳಗೆ ಒಂದು ನೀರು, ಡಬ್ಬಿಯ ಕೆಳಗೆ ಇನ್ನೊಂದು ನೀರು. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಮ್ಮ ಮನೆಯ ಮೂವತ್ತು ದಿನದ ಪರೀಕ್ಷೆಯಲ್ಲಿ ಪಾಸಾಗಿದ್ದು ಕುಕ್ಕರಲ್ಲ, ಅತ್ತೆಯ ಹುಣಸೆಹಣ್ಣು.

"ಇದು ಸಿಡೀತೈತಿ," ಅಂದೆ. "ಹುಣಸಿ ಹಾಕದ ಮನ್ಯಾಗ ನಾಳ ಕಟ್ಟಿ, ಇಷ್ಟೊತ್ತಿಗೆ ಸಿಡಿಯೂ ಹಂತಕ್ಕ ಬಂದಿರಬೇಕು."

ಎಷ್ಟು ತಣ್ಣಗೆ ಅಂದೆ ಅಂದರೆ, ನನ್ನ ದನಿ ನನಗೇ ರೈಲು ನಿಲ್ದಾಣದ ಪ್ರಕಟಣೆಯಂತೆ ಕೇಳಿಸಿತು. ಎಲ್ಲರೂ ತಲೆ ಆಡಿಸಿದರು. ಒಬ್ಬರ ಕೈಯಲ್ಲಿದ್ದ ತುತ್ತೂ ನಿಲ್ಲಲಿಲ್ಲ.

"ಹೌದ್ರಿ, ಹಂಗ ಆಗಬೇಕು," ಅಂದಳು ಚೈತ್ರಾ, ಹುಗ್ಗಿಗೆ ತುಪ್ಪ ಕಲಸಿಕೊಳ್ಳುತ್ತ. "ನಮ್ಮವ್ವ ಹುಣಸಿ ಹಾಕಂಗಿಲ್ಲ. ಈಗ ಒಲಿ ಮ್ಯಾಲೆ ಅದ ಐತಿ."

"ಫೋನ್ ಮಾಡು," ಅಂದೆ.

"ಊಟ ಮುಗಿಸಿ ಮಾಡ್ತೀನ್ರಿ."

ಅದು ಸರಿಯಾದ ಮಾತು ಅಂತಲೇ ನನಗೆ ಅನ್ನಿಸಿತು. ನಾನು ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಒಂದು ಬದಿಗೆ ಸರಿಸಿದೆ. ಹತ್ತು ಜನರಿದ್ದ ಆ ಕೋಣೆಯಲ್ಲಿ ಒಬ್ಬ ತಾಯಿ ಸಾಯಬಹುದು ಅಂತ ತಿಳಿದೂ ತಂಡದವರಾದ ನಾವು, ಸಾಹೇಬರೂ ಸೇರಿ, ನೆಮ್ಮದಿಯಾಗಿ ಉಣ್ಣುತ್ತಿದ್ದೆವು. ಮನೆಗಳಿಂದ ಬಂದವರು ದೊಡ್ಡವರ ನೆಮ್ಮದಿ ನೋಡಿ ತಾವೂ ಸುಮ್ಮನಿದ್ದರು.

ಅತ್ತೆಗೆ ಮಾತ್ರ ಅದು ಸಾಧ್ಯವಾಗಲಿಲ್ಲ. "ನಿಮ್ಮ ಬಾಯಿಗೆ ಮಣ್ಣು ಹಾಕ! ಕೊಡ ಇಲ್ಲೆ!" ಅಂತ ಎಂಜಲು ಕೈಯಲ್ಲೇ ಚೈತ್ರಾಳ ಫೋನ್ ಕಿತ್ತುಕೊಂಡರು. ನಂಬರು ಒತ್ತಿಸಿ, ಸ್ಪೀಕರಿಗೆ ಹಾಕಿಸಿದರು. ನಾಲ್ಕು ಸಲ ರಿಂಗಾಯಿತು.

"ಯವ್ವಾ, ನೀವು ಎಲ್ಲಿದ್ದೀರಿ ಈಗ?"

"ಪಡಸಾಲ್ಯಾಗರೀ. ಯಾರ್ರಿ ನೀವು? ತಡೀರಿ, ಒಲಿ ಆರಿಸಿ ಬರ್ತೀನಿ."

"ಹೋಗಬ್ಯಾಡ್ರೀ! ಅಡಗಿಮನಿಗೆ ಕಾಲಿಡಬ್ಯಾಡ್ರೀ! ಇದ್ದವರನ್ನೆಲ್ಲಾ ಕರಕೊಂಡು ಹೊರಗ ಓಡ್ರೀ!"

ಅತ್ತೆಯ ದನಿಯಲ್ಲಿದ್ದ ಅಂಜಿಕೆ ಆ ಹೆಂಗಸಿನ ಕಾಲನ್ನು ಹೊಸ್ತಿಲಲ್ಲಿ ಹಿಡಿದು ನಿಲ್ಲಿಸಿರಬೇಕು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಕೂಗದ ಕುಕ್ಕರ್ ಕೂಗಿತು. ಫೋನಿನ ಪುಟ್ಟ ಸ್ಪೀಕರು ಹರಿದುಹೋಗುವಂಥ ಸದ್ದು, ಗಾಜು ಬಿದ್ದದ್ದು, ಹೆಂಗಸರ ಚೀರಾಟ. ಚೈತ್ರಾಳ ಅವ್ವ ಬದುಕಿದ್ದರು. ಬಲಗೈಗೆ ಮೊಣಕೈವರೆಗೆ ಸುಟ್ಟಿತ್ತು. ಮುಚ್ಚಳ ಅಡುಗೆಮನೆಯ ತಗಡು ತೂರಿ ಹಿತ್ತಲಿಗೆ ಬಿದ್ದಿತ್ತು.

ಚೈತ್ರಾ ಕೈ ತೊಳೆದುಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು. ಬಾಗಿಲಲ್ಲಿ ನಿಂತು, "ನನಗ ಅಳು ಯಾಕ ಬರವಲ್ದರೀ ಮೇಡಂ?" ಅಂದಳು. ಸಂಜೆ ಐದಕ್ಕೆ ಪರದೆಯ ಮೇಲೆ ತೊಂಬತ್ತೇಳು ಬಂತು. ನಾವು ಯಾರೂ ಅನುಮಾನದಿಂದ ಮಾತಾಡಿರಲಿಲ್ಲವಲ್ಲ. ಸಿಡಿಯುತ್ತದೆ ಅಂತ ಪೂರ್ಣ ಖಾತ್ರಿಯಿಂದ ಹೇಳಿದ್ದೆ.

ಸಾಹೇಬರನ್ನು ಅವರ ಕೋಣೆಯಲ್ಲಿ ಕಂಡೆ. ಲಾರಿ ನಿಲ್ಲಿಸಿ ಅಂದೆ.

"ತೊಂಬತ್ತೇಳು ಇರುವಾಗ ಹೇಗೆ ನಿಲ್ಲಿಸೋದು ಸುನಂದಾ? ಪೆಟ್ಟಿಗೆಯೊಳಗೆ ಒಂದು ಚೀಟಿ ಹಾಕಿಸೋಣ, ತಳದ ನೀರಿಗೆ ಹುಣಸೆಹಣ್ಣು ಅಂತ. ನಿಮ್ಮ ಅತ್ತೆಯವರ ಸಲಹೆ ಬಹಳ ಒಳ್ಳೇದು." ಅವರು ಕೆಟ್ಟ ಮನುಷ್ಯರಲ್ಲ. ಅವರ ಎದೆಯ ಮೇಲೂ ಬಿಲ್ಲೆಯಿತ್ತು, ಅಷ್ಟೇ. ತಪಾಸಣಾ ಇಲಾಖೆಗೆ ಪತ್ರ ಬರೆದೆ. ಅದರ ಉತ್ತರ ಅದರ ಕಾಲಕ್ಕೆ ಬರುತ್ತದೆ, ಲಾರಿ ಕಾಯುವುದಿಲ್ಲ.

ಆಗ ಮೊದಲ ಸಲ ನನ್ನ ಹುದ್ದೆಯನ್ನು ಸರಿಯಾಗಿ ಬಳಸಿದೆ. ಅರ್ಧ ಪುಟದ ವರ್ಗಾವಣೆ ಆದೇಶ ಬರೆದು, ಸಹಿ ಹಾಕಿ, ಪ್ಯಾಕಿಂಗ್ ಶೆಡ್ಡಿಗೆ ನಾನೇ ಓಡಿದೆ. ಚಾಚಾ ಆರುನೂರು ಪೆಟ್ಟಿಗೆಗಳ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಒಂದಕ್ಕೂ ಮುಚ್ಚಿ ಕಟ್ಟುವ ಪಟ್ಟಿ ಹೊಡೆದಿರಲಿಲ್ಲ.

"ಕೈ ಏಳಲಿಲ್ಲರೀ ಮೇಡಂ. ಕೆಲಸದಿಂದ ತಗದ್ರ ತಗೀರಿ."

"ತಗಿಯಾಕ ಬಂದಿಲ್ಲ ಚಾಚಾ. ನಿಮ್ಮ ಅಂಜಿಕಿ ಬೇಡಾಕ ಬಂದೀನಿ."

ಅವರನ್ನು ತಂಡದಿಂದ ತೆಗೆದದ್ದು ತಪ್ಪಾಯಿತು ಅಂದೆ. ಎದ್ದು ಬಂದರು.

ಮರುದಿನ ಬೆಳಗ್ಗೆ ತಂಡದ ನಡುವೆ ಕೂತು ಚಾಚಾ ದೊಡ್ಡ ಸಾಹೇಬರ ಅಡುಗೆಮನೆಯ ಕಥೆ ಹೇಳಿದರು. ಗೋಡೆಗೆ ಅಂಟಿದ್ದ ಅನ್ನವನ್ನು ತಾವೇ ಕೆರೆದು ತೆಗೆದದ್ದನ್ನು ಹೇಳಿದರು. ಅವರ ಬಿಲ್ಲೆ ಅಂಗಿಯ ಮೇಲಿಂದಲೇ ಕಾಣುವಷ್ಟು ನಡುಗಿತು. ಸಂಜೆ ಐದಕ್ಕೆ ಅಂಕ ನಲವತ್ತೆಂಟು. ಲಾರಿ ಗೇಟಿನಲ್ಲೇ ನಿಂತಿತು.

"ನಿಮಗ ಮಾತ್ರ ಅಂಜಿಕಿ ಹ್ಯಾಂಗ ಉಳೀತು ಚಾಚಾ?" ಅಂದೆ.

"ಬಿಲ್ಲಿ ನಡುಗಿದ್ರ ನೀವು ಅದನ್ನ ಸುಮ್ಮನ ಮಾಡ್ತಿದ್ರಿ. ನಾನು ಅದಕ್ಕ, ಹೌದು, ನೀನೂ ಕಂಡ್ಯಾ, ಅಂತಿದ್ದೆ."

ಇಪ್ಪತ್ತೊಂದು ದಿನ ಬೇಕಿತ್ತು. ಚಾಚಾ ಅವರ ನಿವೃತ್ತಿಗೆ ಉಳಿದದ್ದು ಇಪ್ಪತ್ತೇ ಕೆಲಸದ ದಿನ. ಕೊನೆಯ ಒಂದು ದಿನ ತಂಡದಲ್ಲಿ ಬೇರೆ ಯಾರಾದರೂ ಅಂಜಬೇಕು. ಇಲ್ಲವಾದರೆ ಆ ಸಂಜೆ ಅಂಕ ಮತ್ತೆ ತೊಂಬತ್ತು, ಆರುನೂರು ಅಡುಗೆಮನೆ.

ಆವತ್ತೇ ನಾವು ಐವರೂ ಮನೆಯಲ್ಲಿ ಬಿಲ್ಲೆ ತೆಗೆದಿಟ್ಟೆವು. ಅಂಜಿಕೆ ಮರಳಲಿಲ್ಲ. ನಟಿಸಿ ನೋಡಿದೆವು, ದನಿ ನಡುಗಿಸಿ ನೋಡಿದೆವು. ಯಂತ್ರ ಮೋಸಹೋಗಲಿಲ್ಲ. ಚೈತ್ರಾ ದಿನಾ ಅವ್ವನ ಸುಟ್ಟ ಕೈಯ ಬ್ಯಾಂಡೇಜು ತಾನೇ ಬದಲಿಸಿದಳು. ಕಣ್ಣು ಒಣಗಿಯೇ ಇತ್ತು. ಅತ್ತೆ ನನ್ನ ಪಕ್ಕ ಕೂತು ನಾನು ಹಡೆಯುವಾಗ ಹದಿನಾರು ತಾಸು ಒದ್ದಾಡಿದ್ದನ್ನು ನೆನಪಿಸಿದರು. ಕೇಳಿಸಿಕೊಂಡೆ, ಪಾಠದಂತೆ. ಹತ್ತು, ಹದಿನೈದು, ಹತ್ತೊಂಬತ್ತು ದಿನ ಕಳೆದವು.

ಇಪ್ಪತ್ತನೆಯ ದಿನ ಚಾಚಾಗೆ ಹಾರ ಹಾಕಿ ಕಳಿಸಿ ಸಂಜೆ ಆರಕ್ಕೆ ಮನೆಗೆ ಬಂದೆ. ಅತ್ತೆ ಹಳೆಯ ಕುಕ್ಕರನ್ನು ಅಟ್ಟದಿಂದ ಇಳಿಸಿದ್ದರು. ಅದು ಒಲೆಯ ಮೇಲಿತ್ತು. ಸಿಂಚನಾ ಒಲೆಯ ಮುಂದೆಯೇ ತುದಿಗಾಲಲ್ಲಿ ನಿಂತು ಮೇಲಿನ ಹಲಗೆಯಿಂದ ಬೆಲ್ಲದ ಡಬ್ಬಿ ತೆಗೆಯುತ್ತಿದ್ದಳು. ಕುಕ್ಕರ್ ಒಂದು ಸಲ ಕೂಗಿತು. ನಾನು ಚಪ್ಪಲಿ ಬಿಟ್ಟೆ. ಎರಡನೆಯ ಸಲ ಕೂಗಿತು. ನೀರು ಕುಡಿದೆ. ಮೂರನೆಯ ಕೂಗಿಗೆ ಕಿವಿ ತಾನೇ ಕಾಯುತ್ತಿತ್ತು, ಚಿಕ್ಕಂದಿನಿಂದ ಕಾದ ಹಾಗೆ.

ಮೂರನೆಯದು ಬರಲಿಲ್ಲ.

ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. "ಸಿಂಚೂ!" ಅಂತ ಚೀರಿದ್ದು ನಾನೇ. ಅವಳನ್ನು ಬಾಚಿ ಎಳೆದುಕೊಂಡು ಪಡಸಾಲೆಗೆ ಬಿದ್ದು, ಅವಳ ತಲೆಯ ಮೇಲೆ ಕವುಚಿ ಮಲಗಿದೆ. ಟಾಕಿಯ ಅಂಚೂ ಆಗಲೇ ನನ್ನ ಕಣ್ಣಿಗೆ ಬಂತು. ಒಂಟಿಕಾಲು, ಮೂರು ಮಹಡಿ, ಸಿಮೆಂಟು. ಆವತ್ತಿನ ಅಂಜಿಕೆ ಎರಡು ತಿಂಗಳು ತಡವಾಗಿ, ಇಡಿಯಾಗಿ ಬಂದು ನನ್ನನ್ನು ಅಲ್ಲಾಡಿಸಿತು.

ಅತ್ತೆ ಒಳಗೆ ಹೋಗಿ ಬಂದರು. "ಏಳ ಏಳ, ಸಿಲಿಂಡರ್ ಖಾಲಿ ಆಗೇತಿ," ಅಂದರು. ಆಮೇಲೆ ನನ್ನ ಮುಖ ನೋಡಿ ಅಲ್ಲೇ ನೆಲದ ಮೇಲೆ ಕೂತು, ನನ್ನ ಬೆನ್ನ ಮೇಲೆ ಕೈ ಇಟ್ಟು, ಸುಮ್ಮನೆ ಅಳಲು ಬಿಟ್ಟರು.

ಮರುದಿನ ತಂಡದ ನಡುವೆ ಕೂತು ಬಿಲ್ಲೆ ಹಾಕಿಕೊಂಡೆ. "ಮೊದಲು ಒಂದು ವಿಷಯ ಹೇಳಬೇಕು. ನನ್ನ ಮಗಳು ಟಾಕಿ ಹತ್ತಿದ್ದಳು," ಅಂತ ಶುರು ಮಾಡಿದೆ. ಬಿಲ್ಲೆ ಎದೆಯ ಮೇಲೆ ದುಂಬಿಯಂತೆ ಗುಂಯ್‌ಗುಟ್ಟಿ ನಡುಗಿತು. ಸಾವರಿಸಿಕೊಳ್ಳಲಿಲ್ಲ. ಎದುರಿಗೆ ಕೂತಿದ್ದ ಚೈತ್ರಾ ತನ್ನ ಬಲಗೈಯನ್ನು ಮೊಣಕೈವರೆಗೆ ಸವರಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮುಖ ಮುಚ್ಚಿಕೊಂಡು ಅವ್ವಾ ಅಂದಳು.

ಐದು ಗಂಟೆಗೆ ಅಂಕ ನಲವತ್ತೊಂದು. ಪರದೆಯ ಮೇಲೆ ಯೋಜನೆ ಮುಚ್ಚಿದೆ ಅಂತ ಕೆಂಪಕ್ಷರ ಬಂತು. ಸಾಹೇಬರು ಬಾಗಿಲಲ್ಲಿ ನಿಂತು, "ಚೆನ್ನಾಗಿ ನಡೀತಿತ್ತಲ್ಲ," ಅಂದರು, ಯಾವ ಬೇಸರವೂ ಇಲ್ಲದೆ. ಅವರನ್ನು ನೋಡಿಯೂ ನನಗೆ ಅಂಜಿಕೆಯಾಯಿತು.

ಗೇಟಿನ ಹೊರಗೆ, ಇನ್ನು ಈ ಕಾರ್ಖಾನೆಗೆ ಬರಬೇಕಾಗಿಲ್ಲದ ದಸ್ತಗೀರ್ ಚಾಚಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ನನ್ನ ಮುಖ ನೋಡಿದರು.

"ಅಂಜಿಕಿ ಬಂತೇನ್ರಿ?"

"ಬಂತು ಚಾಚಾ."

"ಹೋಗಗೊಡಬ್ಯಾಡ್ರಿ ಮತ್ತ," ಅಂದರು.